ಜೇಬಿನ ಮೇಲಿನ ಪಟ್ಟಿ

ಹೂವಿನ ದಾರ ಕತ್ತರಿಸಲು ಕತ್ತರಿ ಬೇಕಿತ್ತು. ಮಗಳು ಅಮ್ಮನ ಹೊಲಿಗೆ ಯಂತ್ರದ ಖಾನೆಯನ್ನು ಜಗ್ಗಿದಳು. ಅದು ಪೂರ್ತಿ ಕಳಚಿ ಬಂದು, ಬೆರಳಗಲದ ಬಟ್ಟೆಪಟ್ಟಿಗಳು ನೆಲದ ತುಂಬ ಚೆಲ್ಲಿದವು. ಒಂದೊಂದರ ಮೇಲೂ ನೀಲಿ ದಾರದಲ್ಲಿ ‘ಸಂಘದ ಕೊಡುಗೆ’ ಎಂದಿತ್ತು.

ಬಾಗಿಲಲ್ಲಿ ನಿಂತಿದ್ದ ಸಂಘದ ಅಧ್ಯಕ್ಷೆ ತಮ್ಮ ಜೊತೆಗಾರರ ಕಡೆ ಬಾಗಿದರು. “ಅಳತೆ ಸರಿಮಾಡಿ ಬಡಮಕ್ಕಳ ಮನೆಗೆ ಮುಟ್ಟಿಸಿ ಅಂತ ಈಕೇನ ನಂಬಿ ಸ್ಕೂಲ್ ಯೂನಿಫಾರಂ ಕೊಟ್ವಿ. ಪಟ್ಟಿ ಕಿತ್ತರೆ ಯಾವ ಅಂಗಡೀಲಾದ್ರೂ ಮಾರ್ಕೋಬಹುದು, ನೋಡಿ.”

“ಸುಮ್ನಿರಿ ಮೇಡಂ, ಆಕೆ ಹೆಣ ಇನ್ನೂ ಮನೇಲಿದೆ. ಆಮೇಲೆ ಮಾತಾಡಿದ್ರಾಯ್ತು.”

ಮಗಳಿಗೆ ಆ ‘ಆಮೇಲೆ’ಯೇ ಹೆಚ್ಚು ಚುಚ್ಚಿತು.

*

ಹೋದ ವರ್ಷ ಒಂದು ಮಧ್ಯಾಹ್ನ ಅವಳು ಹೇಳದೆ ಕೇಳದೆ ಬಂದಿದ್ದಳು. ಅಮ್ಮ ಚಿಲಕ ತೆಗೆಯಲು ಬಹಳ ಹೊತ್ತು ಮಾಡಿದಳು. ಮಂಚದ ಮೇಲೆ ಹೊಸ ಸಮವಸ್ತ್ರಗಳ ರಾಶಿ, ಅಮ್ಮನ ಕೈಯಲ್ಲಿ ಬ್ಲೇಡು.

“ಏನಮ್ಮಾ ಇದು? ಸಂಘದವರದ್ದಲ್ವಾ?”

“ನಿಂಗ್ಯಾಕೆ ಊರ ಉಸಾಬರಿ? ಕೂತ್ಕೋ, ಟೀ ಮಾಡ್ತೀನಿ.”

ಅಮ್ಮ ರಾಶಿಯ ಮೇಲೆ ಹೊದಿಕೆ ಎಳೆದಳು. ಅಂದು ತಲೆಯೊಳಗೆ ಹೊಕ್ಕ ಅನುಮಾನದ ಹುಳ ಮತ್ತೆ ಹೊರಗೆ ಹೋಗಲಿಲ್ಲ. ಮಗಳು ಇನ್ನೊಮ್ಮೆ ಕೇಳಲೂ ಇಲ್ಲ, ಉತ್ತರಕ್ಕೆ ಹೆದರಿದ್ದಳು.

*

ಪಟ್ಟಿಗಳನ್ನು ಅವಳು ಸೆರಗಿಗೆ ಬಾಚಿಕೊಳ್ಳುತ್ತಿದ್ದಾಗ, ಶಾಲೆಯ ಕಸ ಗುಡಿಸುವಾಕೆ ಪಕ್ಕದಲ್ಲಿ ಕೂತು ತಾನೂ ಹೆಕ್ಕತೊಡಗಿದಳು.

“ಇದನ್ನ ಕಿತ್ತದ್ದು ಯಾಕೇಂತ ನಿಮಗೇನಾದ್ರೂ ಗೊತ್ತಾ?” ಮಗಳು ಪಿಸುಗುಟ್ಟಿದಳು.

“ನಾನೇ ನಿಮ್ಮಮ್ಮನ ಹತ್ರ ಅತ್ಕೊಂಡು ಬಂದಿದ್ದೆ ಅಕ್ಕಾ. ಜೇಬಿನ ಮೇಲೆ ಇದನ್ನ ನೋಡಿ ನಮ್ಮ ಹುಡುಗೀನ ಕ್ಲಾಸಲ್ಲಿ ‘ಕೊಡುಗೆ’ ಅಂತಾನೇ ಕರೀತಿದ್ರು. ಸತ್ರೂ ಸ್ಕೂಲಿಗೆ ಹೋಗಲ್ಲ ಅಂತ ಕೂತ್ಬಿಟ್ಳು. ನಿಮ್ಮಮ್ಮ ಅವತ್ತೇ ಕಿತ್ರು. ಆಮೇಲೆ ಎಲ್ಲಾ ಮಕ್ಕಳದ್ದೂ, ಮನೆಗೆ ಮುಟ್ಟಿಸೋ ಮುಂಚೇನೇ.”

“ಕತೆ ಚೆನ್ನಾಗಿದೆ,” ಎಂದರು ಅಧ್ಯಕ್ಷೆ. “ನಮಗೊಂದು ಮಾತು ಹೇಳ್ಬಾರ್ದಿತ್ತಾ?”

“ಮೊದ್ಲು ನಿಮ್ಮನ್ನೇ ಕೇಳ್ಕೊಂಡೆನಲ್ಲ ಅಮ್ಮಾ. ಪಟ್ಟಿ ಇಲ್ದಿದ್ರೆ ಕೊಟ್ಟೋರು ಯಾರೂಂತ ಹೇಗೆ ಗೊತ್ತಾಗತ್ತೆ ಅಂದ್ರಿ!”

ಅಧ್ಯಕ್ಷೆಯ ಮುಖ ಬಿಗಿಯಿತು. “ಎಲ್ಲಾ ಮಕ್ಕಳಿಗೂ ಮುಟ್ಟಿದೆ ಅನ್ನೋದಕ್ಕೆ ಸಾಕ್ಷಿ?”

ಹೊರಗೆ ಚಪ್ಪಲಿಗಳ ಸದ್ದಾಯಿತು. ಶಾಲೆ ಬಿಟ್ಟಿತ್ತು. ಅಮ್ಮನ ಮುಖ ಕೊನೆಯ ಸಲ ನೋಡಲು ಬಂದ ಮಕ್ಕಳು ಒಬ್ಬರ ಹಿಂದೊಬ್ಬರು ಅಂಗಳದಲ್ಲಿ ಸಾಲಾಗಿ ನಿಂತರು; ಉಳ್ಳವರ ಮಕ್ಕಳು, ಇಲ್ಲದವರ ಮಕ್ಕಳು, ಎಲ್ಲ ಬಿಳಿ ಅಂಗಿ, ಬೂದು ಲಂಗ, ಬೂದು ಚಡ್ಡಿ.

ಅಧ್ಯಕ್ಷೆ ಮೆಟ್ಟಿಲಿಳಿದರು. ಸಂಘದ ಬಟ್ಟೆ ತೊಟ್ಟವರನ್ನು ಗುರುತಿಸಲು ಬೆರಳೆತ್ತಿ ಸಾಲಿನ ಕೊನೆಯವರೆಗೆ ನಡೆದರು. ಮತ್ತೆ ಮೊದಲಿನಿಂದ ಬಂದರು.

“ಯಾರನ್ನ ಹುಡುಕ್ತಿದ್ದೀರಾ ಅಜ್ಜೀ?” ಒಂದು ಪುಟ್ಟ ಹುಡುಗಿ ಕೇಳಿದಳು.

ಎತ್ತಿದ ಬೆರಳು ಯಾರ ಮೇಲೂ ಇಳಿಯದೆ ಗಾಳಿಯಲ್ಲೇ ನಿಂತಿತ್ತು.