ಹತ್ತಕ್ಕೆ ಎಂಟು

ಬಾಯಿ ಆಡುತ್ತಿದೆ, ಮಾತಿಲ್ಲ, ಸ್ಪೀಕರ್ ಕೈಕೊಟ್ಟಿತೇನೋ ಎಂದು ಟೀಚರ್ ಕಂಪ್ಯೂಟರಿನ ಹಿಂದಿನ ವೈರನ್ನು ಅದುಮಿ ನೋಡಿದಳು, ಧ್ವನಿಯನ್ನು ತುದಿಯವರೆಗೂ ಏರಿಸಿದಳು, ಊಹ್ಞೂಂ, ಲಾಂಡ್ರಿಯವಳು ಪಾಪ ಮಾತಾಡುತ್ತಲೇ ಇದ್ದಾಳೆ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ, ಮಡಚಿಟ್ಟ ಬಿಳಿ ಹಾಸುಬಟ್ಟೆಗಳ ಗುಡ್ಡೆಯ ಮುಂದೆ ಸ್ಟೂಲಿನ ಮೇಲೆ ಕೂತು, ಬಲಗೈಯನ್ನು ಕ್ಯಾಮೆರಾದ ಹತ್ತಿರಕ್ಕೆ ತಂದು, ತಿರುಗಿಸಿ ತೋರಿಸಿ, ಏನೋ ಹೇಳಿ, ನಿಲ್ಲಿಸಿ, ಉಗುಳು ನುಂಗಿ, ಮತ್ತೆ ಹೇಳಿ — ತುಟಿ ತೆರೆಯುತ್ತದೆ, ಮುಚ್ಚುತ್ತದೆ, ಅಷ್ಟೇ. ಅದೇ ಪರದೆಯ ಮೇಲ್ಮೂಲೆಯ ಪುಟ್ಟ ಚೌಕದಲ್ಲಿ ಇನ್ನೊಬ್ಬಳು ಕೂತಿದ್ದಾಳೆ, ನೀಲಿ ಸ್ವೆಟರು, ಮೂಗಿನ ತುದಿಗೆ ಜಾರಿದ ಕನ್ನಡಕ, ಅಯ್ಯೋ ಅದು ತಾನೇ, ನಿನ್ನೆಯ ತಾನು, ಕಣ್ಣು ಕೆಳಗೆ, ತುಟಿಯಲ್ಲಿ ನಗು, ತಲೆದೂಗುತ್ತಿದ್ದಾಳೆ. ಒಂದಕ್ಷರವೂ ಕೇಳಿಸದ ಮಾತಿಗೆ ಎರಡು ನಿಮಿಷ ಪೂರ್ತಿ ತಲೆದೂಗುತ್ತಿದ್ದಾಳೆ. ಅಂಕಪಟ್ಟಿಯನ್ನು ಇವತ್ತು ಸಂಜೆಯೊಳಗೆ ಕಳಿಸಬೇಕಿತ್ತು, ಅದಕ್ಕೇ ನಿನ್ನೆಯ ಕ್ಲಾಸಿನ ರೆಕಾರ್ಡಿಂಗ್ ತೆರೆದು ನೋಡಿದ್ದು, ಇಲ್ಲದಿದ್ದರೆ ಇದೂ ಗೊತ್ತಾಗುತ್ತಿರಲಿಲ್ಲ, ಲಾಂಡ್ರಿಯವಳ ಹೆಸರಿನ ಮುಂದೆ ನಿನ್ನೆಯೇ ಬರೆದಾಗಿದೆ, ಹತ್ತಕ್ಕೆ ಎಂಟು.

ಎಂಟು ಯಾಕೆ, ಏಳು ಯಾಕಲ್ಲ, ಒಂಬತ್ತು ಯಾಕಲ್ಲ, ಯಾರಾದರೂ ಕೇಳಿದರೆ ಏನೆನ್ನುತ್ತೀಯೆ, ಉಚ್ಚಾರಣೆಗೆ ಎರಡು ಕಳೆದೆ ಅನ್ನುತ್ತೀಯಾ, ನಿನ್ನ ಬುದ್ಧಿಗಿಷ್ಟು. ಕೆಲಸಕ್ಕೆ ಹೋಗುವವರಿಗೆಂದು ಆನ್‌ಲೈನಿನಲ್ಲಿ ಮಾತುಗಾರಿಕೆಯ ಕೋರ್ಸು, ಹನ್ನೆರಡು ಜನ, ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ವಿಷಯಗಳ ಚೀಟಿ ಹಾಕಿ ಕುಲುಕಿ ಒಂದನ್ನು ಎತ್ತಿ ಓದುತ್ತಾಳೆ, ಯೋಚನೆಗೆ ಅರ್ಧ ನಿಮಿಷ, ಮಾತಿಗೆ ಎರಡು ನಿಮಿಷ, ತಯಾರಿ ಗಿಯಾರಿ ಏನೂ ಇಲ್ಲ, ನೀವು ಡಬ್ಬಿ ಕುಲುಕಿದ್ರೆ ಇಲ್ಲಿ ನನ್ನ ಹೊಟ್ಟೆ ಕುಲುಕುತ್ತೆ ಟೀಚರ್, ಎಂದಿದ್ದ ಬಸ್ ಡ್ರೈವರು, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ನಿನ್ನೆ ಅದೇ ಡ್ರೈವರು ಡಿಪೋದಿಂದಲೇ ಸೇರಿಕೊಂಡ, ಹಿಂದೆ ಇಂಜಿನುಗಳ ಗಲಾಟೆ, ಕಿವಿ ಕಿತ್ತುಹೋಗುವಂತಿತ್ತು, ಅವಳು ಎಲ್ಲರ ಮೈಕನ್ನೂ ಒಂದೇ ಏಟಿಗೆ ಬಂದ್ ಮಾಡುವ ಗುಂಡಿ ಒತ್ತಿದಳು, ತಾನು ಬಿಡುವವರೆಗೂ ಯಾರೂ ತೆರೆಯುವಂತಿಲ್ಲ, ಅಬ್ಬಾ ಎಂಥ ನೆಮ್ಮದಿ, ಡಬ್ಬಿಗೆ ಕೈ ಹಾಕಿದಳು, ಚೀಟಿಯಲ್ಲಿ ಬಂದ ವಿಷಯವೂ ಕೈ, ಲಾಂಡ್ರಿಯವರೇ ಶುರು ಮಾಡಿ ಎಂದಳು, ಗುಂಡಿ ಬಿಡುವುದನ್ನು ಮರೆತಳು. ಮರೆವು ಯಾರಿಗಿಲ್ಲ, ತಪ್ಪು ಅದಲ್ಲ. ಅಷ್ಟರಲ್ಲಿ ಮೊಬೈಲಿಗೆ ಅಕ್ಕ ಕಳಿಸಿದ ಫೋಟೋ, ಮೂರು ಬಣ್ಣದ ಕರ್ಟನ್ ಬಟ್ಟೆ, ಯಾವ್ದು ಬೇಗ ಹೇಳೇ, ಅಂಗಡಿಯವನು ಕಾಯ್ತಿದಾನೆ, ಹಸಿರು ತಗೋ, ಹಸಿರು ನಿಮ್ಮ ಭಾವಂಗೆ ಹಿಡಿಸಲ್ಲ ಕಣೇ, ಭಾವ ಏನು ಇಡೀ ದಿನ ಕಿಟಕಿ ನೋಡ್ಕೊಂಡು ಕೂರ್ತಾರಾ — ಹಾಗೆ ಬರೆದು ನಕ್ಕದ್ದು, ಪುಟ್ಟ ಚೌಕದಲ್ಲಿ ಈಗ ಕಾಣುತ್ತಿರುವುದು ಅದೇ ನಗು. ತಲೆ ಮಾತ್ರ ತನ್ನ ಪಾಡಿಗೆ ಆಡುತ್ತಿತ್ತು, ಇಪ್ಪತ್ತು ವರ್ಷದ ರೂಢಿ, ಮಾತಾಡುವವರಿಗೆ ಧೈರ್ಯ ಬರಲಿ ಎಂದು ಬೇಕೆಂತಲೇ ಕಲಿತದ್ದು, ಊಟಕ್ಕೆ ಕೂತಾಗಲೂ ಗಂಡ ರೇಗಿಸುತ್ತಾನೆ, ಹೂಂ ಅನ್ನು, ಇಲ್ಲಾ ಊಹೂಂ ಅನ್ನು ಮಾರಾಯ್ತಿ, ಆ ತಲೆ ನಂಬಿ ನಾನು ಸಾಕಷ್ಟು ಮೋಸ ಹೋಗಿದೀನಿ. ಎರಡು ನಿಮಿಷದ ಗಂಟೆ ಹೊಡೆಯಿತು, ಅವಳು ಕತ್ತೆತ್ತಿದಳು, ಭೇಷ್, ನಿಮ್ಮ ಮಾತಲ್ಲಿ ಜೀವ ಇದೆ ರೀ, ಮನಸ್ಸಿಗೆ ತಟ್ಟಿತು ಎಂದಳು. ಪರದೆಯಲ್ಲಿ ಲಾಂಡ್ರಿಯವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ನಿನ್ನೆ ಅದೂ ಕಂಡಿರಲಿಲ್ಲ.

ಮಿಕ್ಕ ಹನ್ನೊಂದು ಜನ ಏನು ಮಾಡುತ್ತಿದ್ದರು, ಒಬ್ಬರಾದರೂ ಹೇಳಬಾರದಿತ್ತೇ, ಹೇಗೆ ಹೇಳುತ್ತಾರಮ್ಮ, ಎಲ್ಲರ ಬಾಯಿಗೂ ನೀನೇ ಬೀಗ ಜಡಿದಿದ್ದೆಯಲ್ಲ, ಬರೆದು ತಿಳಿಸುವ ಜಾಗವನ್ನೂ, ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ ಎಂದು ಮೊದಲ ದಿನವೇ ಮುಚ್ಚಿಸಿದ್ದೆಯಲ್ಲ. ಮುಂದಿನ ಸರದಿ ಡ್ರೈವರನದು, ಅವನು ಬಾಯಿ ತೋರಿಸಿ ಕಿವಿ ತೋರಿಸಿ ಕೈ ಅಲ್ಲಾಡಿಸಿದ, ಓ ಸಾರಿ ಸಾರಿ ಎಂದು ಗುಂಡಿ ಬಿಟ್ಟಳು, ಟೀಚರ್, ಆವಾಗ್ಲಿಂದ್ಲೂ ನಮ್ಗೆ — ಎಂದು ಅವನು ಶುರು ಮಾಡಿದ, ಆಯ್ತು ಆಯ್ತು, ಟೈಮಿಲ್ಲ, ನಿಮ್ಮ ವಿಷಯಕ್ಕೆ ಬನ್ನಿ ಎಂದು ಅವನ ಬಾಯಿ ಮುಚ್ಚಿಸಿದಳು. ಯಾಕೆ ಮುಚ್ಚಿಸಿದೆ. ಟೈಮಿರಲಿಲ್ಲವೇ, ಇತ್ತು, ಬೇಕಾದಷ್ಟಿತ್ತು, ಆ ಕ್ಷಣಕ್ಕೆ ಎದೆ ಧಸಕ್ಕೆಂದಿತ್ತು, ಅಂದರೆ ಹೊಳೆದಿತ್ತು, ಹೌದು ಹೊಳೆದಿತ್ತು, ಈಗ ಯಾರ ಮುಂದೆ ನಾಟಕ, ಕೋಣೆಯಲ್ಲಿ ನಿನ್ನ ಬಿಟ್ಟರೆ ಈ ಒಣಗುತ್ತಿರುವ ಕುಂಡದ ಗಿಡ ಒಂದೇ. ಹನ್ನೆರಡು ಜನರ ಮುಂದೆ, ಕ್ಷಮಿಸಿ, ನಾನು ಕೇಳಿಸಿಕೊಳ್ಳಲಿಲ್ಲ, ಇನ್ನೊಂದು ಸಲ ಹೇಳಿ ಎನ್ನಲು ನಾಲಿಗೆ ಏಳಲಿಲ್ಲ, ಹೋಗಲಿ, ಎರಡು ನಿಮಿಷದ ಭಾಷಣ ತಾನೇ, ಯಾರ ಗಂಟು ಹೋಯಿತು ಎಂದುಕೊಂಡಳು. ನಾಚಿಕೆಯಾಗಬೇಕು. ಆಗುತ್ತಿದೆ.

ಬರೀ ಅಷ್ಟಾಗಿದ್ದರೆ ಸಂಜೆಯೊಳಗೆ ಹೇಗೋ ನುಂಗಿಕೊಳ್ಳುತ್ತಿದ್ದಳು, ಆದರೆ ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಲಾಂಡ್ರಿಯವಳ ಸಂದೇಶ ಬಂದಿತ್ತು, ಟೀಚರ್, ನಿನ್ನೆ ಹೇಳಿದ್ದನ್ನೇ ಇವತ್ತು ಮೂರು ಗಂಟೆಗೆ ನಮ್ಮ ಆಫೀಸಲ್ಲಿ ದೊಡ್ಡವರ ಮುಂದೆ ಹೇಳ್ಬೇಕು ಅಂತಿದೀನಿ, ಹೇಳಿದ್ರೆ ಕೆಲಸ ಹೋದ್ರೂ ಹೋಯ್ತು, ಪೂರ್ತಿ ಹೇಳ್ಲಾ, ಸ್ವಲ್ಪ ಬಿಟ್ಟು ಹೇಳ್ಲಾ, ನೀವು ಕೇಳಿಸ್ಕೊಂಡಿದೀರಲ್ಲ, ಅದಕ್ಕೇ ನಿಮ್ಮನ್ನ ಕೇಳ್ತಿದೀನಿ. ಕೇಳಿಸ್ಕೊಂಡಿದೀರಲ್ಲ! ಒಂದು ಕೈಯಲ್ಲಿ ಸೋಸಣಿಗೆ, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಟೀಚರ್ ಬರೆದಳು, ಖಂಡಿತ ಪೂರ್ತಿ ಹೇಳಿ, ಒಂದಕ್ಷರಾನೂ ಬದಲಾಯಿಸ್ಬೇಡಿ, ಒಳ್ಳೇದಾಗ್ಲಿ. ಕಳಿಸಿದಳು, ಕಾಫಿ ಕುಡಿದಳು, ಸಕ್ಕರೆ ಕಮ್ಮಿಯಾಯಿತು ಎಂದು ಗಂಡನ ಮೇಲೆ ರೇಗಿದಳು ಕೂಡ. ಈಗ ಮೂರಕ್ಕೆ ಇನ್ನು ಹತ್ತೇ ನಿಮಿಷ. ಪರದೆಯ ಮೇಲೆ ತುಟಿ ತೆರೆಯುತ್ತದೆ, ಮುಚ್ಚುತ್ತದೆ, ಮೂಲೆಯ ಚೌಕದಲ್ಲಿ ತಲೆ ಆಡುತ್ತದೆ, ಮೂರನೇ ಸಲ ಹಿಂದಕ್ಕೆ ಎಳೆದು ಹಾಕುತ್ತಾಳೆ, ತುಟಿಯ ಅಲುಗಾಟ ನೋಡಿ ಏನಾದರೂ ಸಿಕ್ಕೀತೇ, ಕೈ ತೋರಿಸುವಾಗ ಏನಂದಳು, ಬೈದಳೇ, ಬೇಡಿಕೊಂಡಳೇ, ಯಾರ ತಲೆಯ ಮೇಲಾದರೂ ತಪ್ಪು ಹೊರಿಸಿದಳೇ, ಒಂದೂ ತಿಳಿಯುತ್ತಿಲ್ಲ, ಒಂದಕ್ಷರವನ್ನೂ ಬದಲಾಯಿಸಬೇಡಿ ಎಂದದ್ದು ಯಾವ ಅಕ್ಷರಗಳಿಗೆ. ಸುಮ್ಮನಿದ್ದುಬಿಡಬಹುದು. ಚೆನ್ನಾಗಿಯೇ ಹೇಳಿರಬಹುದು, ಗೆದ್ದೇ ಬರಬಹುದು, ಆಗ ಸಿಹಿ ಸುದ್ದಿ ಟೀಚರ್ ಎಂದು ಫೋನು ಬರುತ್ತದೆ, ಆಗಲೂ ತಲೆ ಆಡಿಸುತ್ತೀಯಾ? ಊಟಕ್ಕೆ ಬರ್ತೀಯೋ, ನಾನೊಬ್ಬನೇ ಕೂತ್ಕೊಳ್ಲೋ, ಗಂಡ ಒಳಗಿಂದ ಕೂಗಿದ, ಕೂತ್ಕೊಳಿ, ಎಂದಳು, ಫೋನು ಕೈಗೆತ್ತಿಕೊಂಡಳು.

ಲಾಂಡ್ರಿಯವಳು ಮೊದಲ ರಿಂಗಿಗೇ ಎತ್ತಿದಳು, ಹೇಳಿ ಟೀಚರ್, ಆಫೀಸ್ ಹೊರಗೇ ಬೆಂಚ್ ಮೇಲೆ ಕೂತಿದೀನಿ, ನಿಮ್ಮ ಮೆಸೇಜ್ ಹತ್ತು ಸಲ ಓದ್ದೆ. ಹೇಳಿಬಿಡು, ಹೇಳಿಬಿಡು — ನೋಡಿ, ನಿನ್ನೆ ನಿಮ್ಮ ಮೈಕ್ ಬಂದ್ ಆಗಿತ್ತು, ನಾನೇ ಬಂದ್ ಮಾಡಿದ್ದೆ, ನೀವು ಹೇಳಿದ್ದು ನಾನು ಕೇಳಲಿಲ್ಲ, ಒಂದು ಮಾತೂ ಕೇಳಲಿಲ್ಲ, ಸುಮ್ಮನೆ ಚೆನ್ನಾಗಿದೆ ಅಂದುಬಿಟ್ಟೆ, ತಪ್ಪಾಯ್ತು. ಆ ಕಡೆ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಯಾರದೋ ತಳ್ಳುಗಾಡಿಯ ಚಕ್ರ ಕಿರುಗುಟ್ಟಿತು. ಅಯ್ಯೋ ಟೀಚರ್. ಹಬೆ ಮಿಷನ್ನಿನ ಮುಚ್ಚಳ ಕೆಟ್ಟಿದೆ ಅಂತ ಗೊತ್ತಿದ್ದೂ ನಮ್ಮ ಜೊತೆ ಕೆಲಸ ಮಾಡೋ ದೊಡ್ಡಕ್ಕನ್ನ ಅಲ್ಲಿ ನಿಲ್ಲಿಸಿದ್ದು ನಾನೇ ಅಂತ ಹೇಳಿದ್ದೆ ನಿನ್ನೆ, ಮೇಲಿನವರು ರಿಪೇರಿ ಮಾಡಿಸ್ಲಿಲ್ಲ ಹೌದು, ಆದ್ರೆ ಅವತ್ತು ಡ್ಯೂಟಿ ಹಾಕಿದ್ದು ನಾನು, ಅವಳ ಕೈ ಸುಟ್ಟಿದ್ದು ನನ್ನಿಂದಾನೂ, ಇದನ್ನ ಮನೇಲೂ ಹೇಳಿರ್ಲಿಲ್ಲ ಟೀಚರ್, ಅದನ್ನೂ ಸೇರಿಸಿ ಹೇಳ್ಲಾ ಅಂತಲೇ ಕೇಳಿದ್ದು, ನೀವು ಪೂರ್ತಿ ಹೇಳಿ ಅಂದ್ರಿ, ಕೇಳಿದವರೇ ಹೇಳು ಅಂತಿದಾರಲ್ಲ ಅಂತ ಧೈರ್ಯ ಬಂತು. ಟೀಚರ್ ಕುರ್ಚಿಯ ತೋಳನ್ನು ಹಿಡಿದುಕೊಂಡಳು, ಲಾಂಡ್ರಿಯವಳ ಧ್ವನಿ ಈಗ ಸಣ್ಣಗಾಗಿದೆ, ಕೋಪವೂ ಇಲ್ಲ, ಅದೇ ತಡೆಯಲಾಗುತ್ತಿಲ್ಲ, ಹೋಗ್ಲಿ, ಒಂದು ಕೇಳ್ತೀನಿ, ಹೋದ ತಿಂಗಳು ಒಂದು ಸಲ ಮಾತಾಡಿದ್ನಲ್ಲ, ಆಗ್ಲೂ ನಿಮ್ಮ ಮಾತಲ್ಲಿ ಜೀವ ಇದೆ ಅಂದಿದ್ರಿ, ಅದನ್ನ ಇಲ್ಲಿ ಎಲ್ಲರಿಗೂ ಹೇಳ್ಕೊಂಡು ಕುಣಿದಿದ್ದೆ, ಅದಕ್ಕೇ ನಮ್ಮ ಲಾಂಡ್ರಿಯ ಹದಿನಾಲ್ಕು ಜನಾನೂ ನೀನೇ ಮಾತಾಡು ಅಂತ ನನ್ನನ್ನ ಮುಂದೆ ಬಿಟ್ಟಿದ್ದು — ಅದನ್ನಾದ್ರೂ ಕೇಳಿದ್ರಾ?

ಕೇಳಿದ್ದೆ, ಖಂಡಿತ ಕೇಳಿದ್ದೆ, ನಾಲಿಗೆಯ ತುದಿಗೆ ಬಂದಿದೆ, ಸ್ವಲ್ಪ ತಡೆ, ಹೋದ ತಿಂಗಳು ಯಾವ ಚೀಟಿ ಬಂದಿತ್ತು, ಬೀಗವೋ, ಛತ್ರಿಯೋ, ಛತ್ರಿ ದರ್ಜಿಯವನದು, ಬೀಗ ಡ್ರೈವರನದು, ಇವಳದು ಯಾವುದು, ನಗಿಸಿದ್ದಳೇ, ಅಳಿಸಿದ್ದಳೇ, ಬಿಳಿ ಬಟ್ಟೆಗಳ ಗುಡ್ಡೆ ಕಾಣುತ್ತಿದೆ, ಸ್ಟೂಲು ಕಾಣುತ್ತಿದೆ, ಬಾಯಿ ಕಾಣುತ್ತಿದೆ, ಒಂದು ಮಾತು, ಒಂದೇ ಒಂದು ಮಾತು ನೆನಪಾದರೆ ಸಾಕು, ಅದನ್ನು ಹಿಡಿದು ಇವಳನ್ನು ಒಳಗೆ ಕಳಿಸಬಹುದು — ಟೀಚರ್, ಒಳಗೆ ಕರೀತಿದಾರೆ, ಬೇಗ ಹೇಳಿ, ಕೇಳಿದ್ರಾ — ಎಷ್ಟು ಕೆದಕಿದರೂ ಕೈಗೆ ಸಿಗುತ್ತಿರುವುದು ಅದೊಂದೇ, ಮೇಲ್ಮೂಲೆಯ ಪುಟ್ಟ ಚೌಕ, ಜಾರಿದ ಕನ್ನಡಕ, ಆಡುತ್ತಿರುವ ತಲೆ, ಮತ್ತು ಈಗ, ಫೋನನ್ನು ಕಿವಿಗೊತ್ತಿಕೊಂಡು, ಯಾರಿಗೂ ಕಾಣದ ಈ ಕೋಣೆಯಲ್ಲಿ, ಅವಳ ತಲೆ ಹೂಂ ಎನ್ನುವಂತೆ ಆಡುತ್ತಿದೆ, ಮೇಲೆ, ಕೆಳಗೆ, ಮೇಲೆ, ಕೆಳಗೆ