ವೆಲ್ಲೌನಾ ಕೊಡದೆ ಉಳಿಸಿಕೊಂಡ ಉಡುಗೊರೆ

ತಾಸ್ಗೊ ದಂಡು ಕಟ್ಟಿಕೊಂಡು ಬಂದು ಹೊಳೆಯಾಚೆ ನಿಂತಿದ್ದಾನೆ ಎಂದು ಕಾವಲಿನವನು ಏದುಸಿರು ಬಿಡುತ್ತ ಬಂದು ಹೇಳಿದಾಗ ನಮ್ಮ ರಾಣಿ ವೆಲ್ಲೌನಾ ಬಾರ್ಲಿ ಗಂಜಿ ಕುಡಿಯುತ್ತಿದ್ದಳು. ಬಟ್ಟಲನ್ನು ಕೆಳಗೂ ಇಡಲಿಲ್ಲ.

"ತಲೆಗೆ ಸುಣ್ಣ ಹಚ್ಕೊಂಡಿದಾನಾ?" ಎಂದು ಕೇಳಿದಳು.

"ಹಚ್ಕೊಂಡಿದಾನೆ ತಾಯಿ. ಕೂದಲು ನೆಟ್ಟಗೆ ನಿಂತಿದೆ. ಮೈಗೆಲ್ಲ ನೀಲಿ ಬಳ್ಕೊಂಡಿದಾನೆ."

"ಹಂಗಾದ್ರೆ ಯುದ್ಧಕ್ಕೇ ಬಂದಿದಾನೆ. ಎಷ್ಟು ಚೆನ್ನಾಗಿ ಕಾಣ್ತಿರಬೇಕು ನನ್ನ ಮಗ!" ಎಂದು ನನ್ನ ಕಡೆ ತಿರುಗಿ ಹಲ್ಲು ಕಿಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬ್ರಿಕ್ಕಾ, ಅವಳ ರಥ ಹೊಡೆಯುವವಳು. ನನ್ನ ತಾಯಿಯ ಹಾಲನ್ನು ನಾವಿಬ್ಬರೂ ಕುಡಿದು ಬೆಳೆದವರು, ಹಾಗಾಗಿ ಊರಿಗೆಲ್ಲ ರಾಣಿಯಾದವಳು ನನಗೆ ಬರೀ ಅಕ್ಕ. ನಮ್ಮ ದ್ವೀಪಕ್ಕೆ ದ್ರಾಕ್ಷಾರಸ ತರುವ ರೋಮಿನ ವ್ಯಾಪಾರಿಗಳು ಹೆಂಗಸೊಬ್ಬಳು ಓಡುವ ರಥದಿಂದ ಈಟಿ ಎಸೆಯುವುದನ್ನು ಕಂಡು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಅವಳ ಹಟವನ್ನು ಅವರು ಕಂಡಿಲ್ಲ. ಅದರ ಮುಂದೆ ಈಟಿ ಯಾವ ಲೆಕ್ಕ?

ತಾಸ್ಗೊ ಅವಳು ಹೆತ್ತ ಮಗನಲ್ಲ. ಹೊಳೆಯಾಚೆಯ ಕುಲದ ಒಡೆಯನ ಮಗ. ಹಾಲುಹಲ್ಲು ಬೀಳುವ ವಯಸ್ಸಿಗೆ ಮಕ್ಕಳು ಇನ್ನೊಂದು ಮನೆಗೆ ಹೋಗಿ ಬೆಳೆಯುವುದು ನಮ್ಮಲ್ಲಿ ರೂಢಿ. ಅವನು ಬಂದದ್ದು ಅಕ್ಕನ ಮನೆಗೆ. ಹೀಗೆ ಬೆಳೆದ ಮಗ ತನ್ನ ಮನೆಗೆ ಹಿಂದಿರುಗುವಾಗ ಸಾಕುತಾಯಿ ಎಲ್ಲರೆದುರು ಅವನಿಗೊಂದು ಉಡುಗೊರೆ ಕೊಡಬೇಕು. ಕೊಟ್ಟರೆ ಅವನು ಗಂಡಸು. ಅಪ್ಪನ ಪೀಠ ಏರಬಹುದು, ಮದುವೆಯಾಗಬಹುದು. ಸಾಕುತಾಯಿಗೆ ವಯಸ್ಸಾದಾಗ ಅವಳನ್ನು ನೋಡಿಕೊಳ್ಳುವ ಹೊಣೆಯೂ ಅಂದಿನಿಂದ ಅವನದು. ಕೊಡದಿದ್ದರೆ, ಎದೆಯವರೆಗೆ ಗಡ್ಡ ಬಿಟ್ಟಿದ್ದರೂ ಅವನು ಅವಳ ಮನೆಯ ಕೂಸು.

ಅಕ್ಕ ಕೊಟ್ಟಿರಲಿಲ್ಲ. ಅಪ್ಪನಿಗೆ ಹುಷಾರಿಲ್ಲವೆಂದು ಹುಡುಗ ಅವಸರದಲ್ಲಿ ಹೊರಟಾಗ, ಆಮೇಲೆ ಕೊಡುತ್ತೇನೆಂದಳು. ಆಮೇಲೆ ಕೇಳಿದರೆ ಗಬ್ಬದ ಕುದುರೆ ಈಯಲಿ, ಮರಿ ಕೊಡುತ್ತೇನೆ ಎಂದಳು, ಈದ ಮೇಲೆ ಮರಿ ಗಟ್ಟಿಯಾಗಲಿ ಎಂದಳು. ಅಷ್ಟರಲ್ಲಿ ಅವನ ಅಪ್ಪ ತೀರಿಹೋದ. ಚಿಕ್ಕಪ್ಪ ಬೊದ್ವಾಕ್ ಪೀಠದ ಮೇಲೆ ಕಣ್ಣಿಟ್ಟು ಕೂತಿದ್ದವನು, ಕೂಸಿಗೆ ಯಾಕಪ್ಪ ಪೀಠ ಎಂದು ನಗಾಡಿದ. ಅಂದು ಹೊತ್ತು ಮುಳುಗುವುದರೊಳಗೆ ಉಡುಗೊರೆ ತರದಿದ್ದರೆ ಪೀಠ ಚಿಕ್ಕಪ್ಪನದೇ ಎಂದು ಆ ಕುಲದ ಹಿರಿಯರು ಹೇಳಿಬಿಟ್ಟಿದ್ದರು.

"ಅಕ್ಕಾ, ಏನಾದ್ರೂ ಒಂದು ಕೊಟ್ಟು ಕಳಿಸು. ಒಂದು ಬಳೆ ಕೊಡು, ಒಂದು ಹಂದಿ ಕೊಡು," ಎಂದೆ.

"ದಂಡು ತಂದು ಹೆದರಿಸಿದ್ರೆ ಕೊಟ್ಬಿಡ್ತೀನಾ? ಅವನ ಬುದ್ಧಿ ನೋಡು ನೀನು. ಉಡುಗೊರೆ ಸಿಗದಿರೋ ಕೂಸು ಸಾಕಿದ ತಾಯಿ ಮೇಲೆ ಈಟಿ ಎತ್ತೋ ಹಾಗಿಲ್ಲ. ಉಡುಗೊರೆ ಕೊಟ್ಟುಬಿಟ್ರೆ ಎತ್ತೋಕೆ ಕಾರಣಾನೇ ಇಲ್ಲ. ಏನಂತ ಹೊರಟುಬಂದ ಇವನು?"

ಸಿಟ್ಟಿನಲ್ಲಿ ಹೊರಟವನು ಅದನ್ನು ಯೋಚಿಸಿರಲಿಕ್ಕಿಲ್ಲ. ಬೆಳೆಸಿದವಳು ಇವಳೇ ತಾನೆ, ಬುದ್ಧಿ ಎಲ್ಲಿಂದ ಬರಬೇಕು?

ನಾನು ಬೂದು ಬಣ್ಣದ ಜೋಡಿ ಕುದುರೆಗಳನ್ನು ರಥಕ್ಕೆ ಕಟ್ಟಿದೆ. ಅಕ್ಕ ಚಿನ್ನದ ಕಂಠಿ ತೊಟ್ಟು ರಥವೇರಿದಳು. ನಮ್ಮವರು ಹಿಂದೆ ಬಂದರು. ಹೊಳೆ ಅಲ್ಲಿ ಮೊಣಕಾಲುದ್ದ, ಹರಿವು ಸಣ್ಣದು. ಆಚೆ ದಡದಲ್ಲಿ ತಾಸ್ಗೊ ತನ್ನ ರಥದ ಮೇಲಿದ್ದ. ಅವನ ಹಿಂದೆ ಬೊದ್ವಾಕ್, ಹುಡುಗ ಬರಿಗೈಯಲ್ಲಿ ಹಿಂದಿರುಗುವುದನ್ನು ನೋಡಲು ಬಂದವನಂತೆ, ದಪ್ಪ ಹೊಟ್ಟೆಯ ಮೇಲೆ ಕೈಕಟ್ಟಿ ನಿಂತಿದ್ದ.

ಕಾಳಗಕ್ಕೆ ಮೊದಲು ಎದುರಾಳಿಯ ಮಾನ ಹರಾಜು ಹಾಕುವುದು ನಮ್ಮ ಪದ್ಧತಿ. ಅದರಲ್ಲಿ ಅಕ್ಕನನ್ನು ಮೀರಿಸುವವರಿಲ್ಲ. ದಡದುದ್ದಕ್ಕೂ ರಥ ಓಡಿಸು ಎಂದಳು, ಓಡಿಸಿದೆ.

"ಯಾರೋ ಅದು, ಸುಣ್ಣದ ಗಡಿಗೆ ತಲೆ ಮೇಲಿಟ್ಕೊಂಡು ನಿಂತಿರೋನು? ನಮ್ಮನೆಗೆ ಬಂದ ಹೊಸದ್ರಲ್ಲಿ ಅವ್ವ ಬೇಕೂಂತ ಅತ್ತು, ಹೆಬ್ಬಾತನ್ನ ತಬ್ಬಿಕೊಂಡು ಮಲಗ್ತಿದ್ದೋನಲ್ವೇನೋ ನೀನು? ಹೆಬ್ಬಾತು ಈಗ್ಲೂ ಇದೆ ಕಣೋ! ನಿನ್ನನ್ನ ಕೇಳ್ತಾ ಇರುತ್ತೆ!"

ನಮ್ಮವರು ಬಿದ್ದು ಬಿದ್ದು ನಕ್ಕರು. ಆಮೇಲೆ ಆಚೆ ದಡದವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಬೊದ್ವಾಕ್. ತಾಸ್ಗೊ ತಲೆ ತಗ್ಗಿಸಿದ. ನೀಲಿ ಬಳಿದ ಮುಖದಲ್ಲಿ ಬಣ್ಣ ಇಲ್ಲದ ಕಡೆಯೆಲ್ಲ ಕೆಂಪಾಗಿತ್ತು.

ನಾನು ರಥ ನಿಲ್ಲಿಸಿಬಿಟ್ಟೆ.

"ಯಾಕೆ ನಿಲ್ಲಿಸ್ದೆ? ಇನ್ನೂ ಇದೆ ಹೇಳೋದು."

"ಬಾಯಿ ಮುಚ್ಚು ಅಕ್ಕ. ಅವನ ಜನರ ಮುಂದೇನೇ ಅವನನ್ನ ಕೂಸು ಮಾಡ್ತಿದೀಯ. ನಾಳೆ ಅವನ ಮಾತು ಯಾರು ಕೇಳ್ತಾರೆ? ಬೊದ್ವಾಕನ ಕೆಲಸಾನ ನೀನೇ ಮಾಡಿಕೊಡ್ತಾ ಇದೀಯಲ್ಲ!"

ಯಾವತ್ತೂ ಅವಳನ್ನು ರಥದ ಮೇಲೆ ಹೀಗೆ ಗದರಿರಲಿಲ್ಲ. ಬೆನ್ನಿಗೊಂದು ಏಟು ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಅಕ್ಕ ಸಣ್ಣ ದನಿಯಲ್ಲಿ ಹೇಳಿದಳು.

"ಕೊಟ್ಟುಬಿಟ್ರೆ ಅವನು ನಮ್ಮವನಲ್ಲ ಬ್ರಿಕ್ಕಾ. ಕೊಡೋವರೆಗೂ ನನ್ನ ಮನೆ ಮಗು. ಮನೇಲಿ ಇಲ್ದಿದ್ರೂ ನನ್ನ ಮನೆ ಮಗು."

"ಅಷ್ಟೇನಾ?"

"ಇನ್ನೊಂದೂ ಇದೆ. ಅವನು ನನ್ನನ್ನ ನೋಡ್ಕೋಬೇಕಾಗುತ್ತಂತೆ! ವೆಲ್ಲೌನಾಗೆ ಮುಪ್ಪು ಬಂತು ಅಂತ ಎಲ್ಲರೂ ಆಡ್ಕೊಳ್ಳಲ್ವಾ?"

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎಷ್ಟೋ ಕಾಳಗಗಳಲ್ಲಿ ಹೆದರದವಳು ಇದಕ್ಕೆ ಹೆದರಿದ್ದಳು. ಅವಳನ್ನು ನಾನು ಅಷ್ಟು ಪ್ರೀತಿಸಿದ್ದು ಇನ್ನಾವತ್ತೂ ಇಲ್ಲ.

"ಆಡ್ಕೊಳ್ಳಲಿ ಬಿಡು. ನಿಂಗೆ ಮುಪ್ಪು ಬಂದಿಲ್ಲ ಅಂತ ನೀನೊಬ್ಬಳೇ ಅಂದ್ಕೊಂಡಿರೋದು," ಎಂದೆ.

ಅವಳು ಕೆಳಗಿಳಿದಳು. ಈಟಿ, ಗುರಾಣಿ ಎರಡನ್ನೂ ರಥದಲ್ಲೇ ಬಿಟ್ಟಳು. ನನ್ನನ್ನು ಒಂದು ಮಾತೂ ಕೇಳದೆ ನೊಗದ ಹಗ್ಗ ಬಿಚ್ಚಿದಳು. ಆ ಕುದುರೆಗಳನ್ನು ಮರಿಯಿಂದ ಪಳಗಿಸಿದವಳು ನಾನು. ಆದರೂ ತಡೆಯಲಿಲ್ಲ. ಅಕ್ಕ ಎರಡನ್ನೂ ಹಿಡಿದುಕೊಂಡು ಹೊಳೆಗೆ ಇಳಿದು ನಡುವೆ ನಿಂತಳು.

"ತಾಸ್ಗೊ! ಬಾರೋ ಇಲ್ಲಿ."

ಅವನು ಈಟಿ ಹಿಡಿದೇ ನೀರಿಗೆ ಇಳಿದ.

"ಎಲ್ಲರೂ ಕೇಳಿಸ್ಕೊಳ್ಳಿ! ಇವನನ್ನ ನಾನು ಬೆಳೆಸಿದೀನಿ. ಈಟಿ ಕಲಿಸಿದೀನಿ, ಕುದುರೆ ಕಲಿಸಿದೀನಿ, ಸುಳ್ಳು ಹೇಳೋದೊಂದು ಕಲಿಸೋಕಾಗ್ಲಿಲ್ಲ. ಇದು ನಾನು ಕೊಡೋ ಉಡುಗೊರೆ. ಇವತ್ತಿಂದ ಇವನು ಗಂಡಸು."

ಕುದುರೆಗಳ ಹಗ್ಗ ಅವನ ಕೈಗಿಟ್ಟಳು. ಈಗ ಅವನು ಕೂಸಲ್ಲ. ಈಟಿ ಎತ್ತಿದರೆ ತಪ್ಪೆನ್ನುವವರಿಲ್ಲ. ಎದುರಿಗೆ ಬರಿಗೈಯ ರಾಣಿ. ಹಿಂದಿನಿಂದ ಬೊದ್ವಾಕ್ ಕಿರುಚಿದ.

"ಏನ್ ನೋಡ್ತಾ ನಿಂತಿದೀಯೋ? ಎಸಿ! ಈ ನಾಡೆಲ್ಲ ನಮ್ದಾಗುತ್ತೆ!"

ನನ್ನ ಕೈ ರಥದಲ್ಲಿದ್ದ ಈಟಿಯ ಮೇಲೆ ಹೋಯಿತು. ನಾನು ಈಟಿ ಎಸೆಯುವವಳಲ್ಲ, ರಥ ಹೊಡೆಯುವವಳು, ಆದರೂ ಹೋಯಿತು.

ತಾಸ್ಗೊ ತಿರುಗಿ ಚಿಕ್ಕಪ್ಪನನ್ನು ನೋಡಿದ. "ನೀನು ಬಾಯಿ ಮುಚ್ಕೊಂಡಿರು ಚಿಕ್ಕಪ್ಪ. ಮನೆಗೆ ಹೋಗಿ ಮಾತಾಡೋಣ," ಎಂದ. ಅವನು ಅಷ್ಟು ತಣ್ಣಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೊದ್ವಾಕನೂ ಕೇಳಿರಲಿಲ್ಲವೆಂದು ಕಾಣುತ್ತದೆ, ಬಾಯಿ ಮುಚ್ಚಿದ.

ಆಮೇಲೆ ತಾಸ್ಗೊ ಕುದುರೆಗಳನ್ನು ನಮ್ಮ ದಡಕ್ಕೇ ಎಳೆದುಕೊಂಡು ಬಂದು ನಮ್ಮ ರಥಕ್ಕೆ ಕಟ್ಟತೊಡಗಿದ.

"ಏನೋ ಮಾಡ್ತಿದೀಯಾ?" ಎಂದಳು ಹಿಂದೆಯೇ ಬಂದ ಅಕ್ಕ.

"ಕುದುರೆ ಈಗ ನಂದು ಅವ್ವ. ನನ್ನ ಕುದುರೇಲಿ ನನ್ನ ಅವ್ವನ್ನ ಮನೆಗೆ ಕಳಿಸ್ತಿದೀನಿ. ಬ್ರಿಕ್ಕಾ ಚಿಕ್ಕಮ್ಮ, ಚಳಿಗಾಲಕ್ಕೆ ಹಂದಿಮಾಂಸ, ಬಾರ್ಲಿ ಎಲ್ಲ ಕಳಿಸ್ತೀನಿ. ಇವಳು ಬೇಡ ಅಂತಾಳೆ, ನೀನು ಇಳಿಸ್ಕೊ."

"ನನಗೇನಾಗಿದೆಯೋ? ನಾನೇನು ಮುದುಕೀನಾ?" ಎಂದು ಅಕ್ಕ ರೇಗಿದಳು. ಅವನು ಅವಳನ್ನು ಒಮ್ಮೆ ಬಿಗಿಯಾಗಿ ತಬ್ಬಿಕೊಂಡು ಹೊಳೆ ದಾಟಿ ಹೋದ. ಅವಳ ಕೆನ್ನೆಗೆ, ಕಂಠಿಗೆಲ್ಲ ನೀಲಿ ಅಂಟಿತ್ತು.

ಆಚೆ ದಡದಲ್ಲಿ ಗುರಾಣಿ ಬಡಿಯುವ ಸದ್ದು ಎದ್ದಿತು. ಒಡೆಯ ತಾಸ್ಗೊ, ಒಡೆಯ ತಾಸ್ಗೊ ಎಂದು ಕೂಗುತ್ತಿದ್ದರು. ನಾನು ರಥ ತಿರುಗಿಸಿದೆ.

"ಮೆಲ್ಲಗೆ ಹೊಡಿ," ಎಂದಳು ಅಕ್ಕ. "ಕೇಳಿಸ್ಲಿ."

ಮೆಲ್ಲಗೇ ಹೊಡೆದೆ. ಕೂಗು ಕೇಳದಷ್ಟು ದೂರ ಬಂದ ಮೇಲೆ ಅವಳು ಮೂಗು ಸೀಟಿಕೊಂಡಳು.

"ಇನ್ನು ಅವನು ನಮ್ಮ ಮನೆ ಹುಡುಗ ಅಲ್ಲ ಬ್ರಿಕ್ಕಾ."

"ಅಲ್ಲ ಅಕ್ಕ," ಎಂದೆ. "ಇನ್ಮೇಲೆ ನಾವಿಬ್ರೂ ಅವನ ಮನೆ ಮುದುಕೀರು."

ಬೆನ್ನಿಗೆ ಒಂದು ಗುದ್ದು ಬಿತ್ತು. ಆಮೇಲೆ ಆ ಕೈ ನನ್ನ ಹೆಗಲ ಮೇಲೆ, ಮನೆ ಮುಟ್ಟುವವರೆಗೂ ಇತ್ತು.