ಸಣ್ಣ ಕೈಯವಳು

ಶವಪೆಟ್ಟಿಗೆಯನ್ನು ಹೆಗಲಿಗೇರಿಸಿದ್ದವರು ಅಂಗಳದ ನಡುವೆಯೇ ನಿಂತುಬಿಟ್ಟರು. ಕೊಟ್ಟಿಗೆಯಲ್ಲಿ ಕುರಿಯೊಂದು ನರಳುತ್ತಿತ್ತು. ಮರಿ ಸಿಕ್ಕಿಕೊಂಡ ಕುರಿಯ ದನಿ. ವೇಲ್ಸಿನ ಆ ಬೆಟ್ಟದಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಿರಲಿಲ್ಲ.

"ಇಳಿಸ್ರಪ್ಪ," ಎಂದ ಐವರ್. ಪೆಟ್ಟಿಗೆಯೊಳಗಿದ್ದವಳು ಅವನ ಹೆಂಡತಿ ಮಾರ್ಗೆಡ್.

ಪೆಟ್ಟಿಗೆಯನ್ನು ಕಲ್ಲುಗೋಡೆಯ ಮೇಲಿಟ್ಟರು. ಐವರ್ ಕಪ್ಪು ಕೋಟನ್ನೂ ಬಿಚ್ಚದೆ ಕುರಿಯ ಹಿಂದೆ ಮೊಣಕಾಲೂರಿದ. ಊದಿದ ಗೆಣ್ಣುಗಳು ಒಳಗೆ ಹೋಗಲೊಲ್ಲವು.

"ಕೈಯಲ್ಲ ಕಣೋ ಅದು, ಸಲಿಕೆ," ಎಂದ ನೆರೆಯ ಹ್ಯೂ, ಅಂಥದ್ದೇ ತನ್ನ ಕೈಯನ್ನು ಜೇಬಿಗಿಳಿಸುತ್ತ. "ಇಂಥದಕ್ಕೆಲ್ಲ ನಾವು ಕರೀತಿದ್ದಿದ್ದು ಒಬ್ಬಳನ್ನೇ. ಇವತ್ತೂ ಅವಳನ್ನೇ ಎಬ್ಬಿಸ್ಬೇಕೇನೋ."

ಯಾರೋ ನಗು ಬಂದು ಕೆಮ್ಮಿದರು.

"ದನದ ಡಾಕ್ಟ್ರು ಬರೋದು ಸಂಜೆಗಂತೆ," ಎಂದ ಐವರ್‌ನ ತಮ್ಮನ ಮಗ ಗೆಥಿನ್. ಅವನ ಹೆಂಡತಿ ಲೌರಿ ಆಗಲೇ ಅಂಗಿಯ ತೋಳು ಮಡಚುತ್ತಿದ್ದಳು. ಬಸುರಿ. ಮಾರ್ಗೆಡ್‌ಳ ಕೈಯಂಥದೇ ಪುಟ್ಟ ಕೈ.

"ನಾನ್ ನೋಡ್ತೀನಿ ಮಾವ. ಗ್ಲೌಸ್ ಹಾಕ್ಕೋತೀನಿ."

"ಬೇಡ."

*

ಬಹಳ ಹಿಂದಿನ ಒಂದು ವಸಂತ. ಗೋಡೆಗಳ ಬುಡದಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಕುರಿಗಳು ಒಂದರ ಹಿಂದೊಂದು ದಿನ ತುಂಬುವ ಮುಂಚೆಯೇ ಕಂದು ಹಾಕುತ್ತಿದ್ದವು. ಮಾರ್ಗೆಡ್ ಬಸುರಿ.

"ನಿನ್ ಕೈ ಮಾತ್ರ ಹೋಗತ್ತೆ, ಬಾರೇ," ಎಂದು ಐವರ್ ಒಲೆಯ ಮುಂದೆ ಕೂತಿದ್ದವಳನ್ನು ಕರೆದ. ಅವಳು ಬಂದು, ಕೊಳೆತ ಮರಿಯನ್ನು ಎಳೆದು ಹಾಕಿ, ಕೈ ತೊಳೆದು, ಇಬ್ಬರಿಗೂ ಚಹಾ ಕಾಯಿಸಿದಳು.

ತಿಂಗಳೊಳಗೆ ಅವಳ ಕೂಸೂ ಹೋಯಿತು. ಕಂದು ಹಾಕಿದ ಕುರಿಯನ್ನು ಮುಟ್ಟಿ ಅದರ ರೋಗ ತಗುಲಿದೆ ಎಂದರು ಆಸ್ಪತ್ರೆಯಲ್ಲಿ. ಮತ್ತೆ ಬಸಿರು ನಿಲ್ಲಲಿಲ್ಲ.

ಆಮೇಲೆ ಯಾರು ಕರೆದರೂ ಹೋಗುತ್ತಿದ್ದಳು. "ಕರೀರಿ, ನನಗಿನ್ನೇನಾಗ್ಬೇಕಿದೆ," ಎನ್ನುತ್ತಿದ್ದಳು. ಕಣಿವೆಯವರು ಅದನ್ನು ತಮಾಷೆ ಎಂದುಕೊಂಡಿದ್ದರು.

*

ಐವರ್ ಎದ್ದು ಬಂದು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತ.

"ಸತ್ತೋಗತ್ತೆ ಮಾವ ಅದು," ಎಂದಳು ಲೌರಿ.

"ಸಾಯ್ಲಿ."

"ಅತ್ತೆ ಇದ್ದಿದ್ರೆ ಹೀಗ್ ಬಿಡ್ತಿದ್ರಾ?"

ಐವರ್ ಗೋಡೆಯ ಮೇಲಿನ ಪೆಟ್ಟಿಗೆಯತ್ತ ನೋಡಿದ. "ನಿನ್ನನ್ನಾ? ಈ ಹೊಸ್ತಿಲು ದಾಟೋಕೆ ಬಿಡ್ತಿರ್ಲಿಲ್ಲ."

ಯಾರೂ ಅಲುಗಲಿಲ್ಲ. ಒಳಗಿನ ನರಳಾಟ ಸಣ್ಣದಾಗುತ್ತ ಬಂತು, ಬಿಟ್ಟು ಬಿಟ್ಟು ಬಂತು, ಆಮೇಲೆ ಬರಲಿಲ್ಲ.

"ಹೊರಡೋಣ ದೊಡ್ಡಪ್ಪ," ಎಂದ ಗೆಥಿನ್.

ಮಣ್ಣಾದ ಮೇಲೆ ಒಬ್ಬೊಬ್ಬರಾಗಿ ಬಂದು ಐವರ್‌ನ ಕೈ ಕುಲುಕಿದರು. ರಕ್ತ ಒಣಗಿ ಅವನ ಕೋಟಿನ ತೋಳು ಬಿರುಸಾಗಿತ್ತು; ಕಂಡರೂ ಯಾರೂ ಕಂಡಂತೆ ತೋರಿಸಿಕೊಳ್ಳಲಿಲ್ಲ. ಕೊನೆಗೆ ಲೌರಿ ಬಂದು ಕೈ ಚಾಚಿದಳು.

ಐವರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವಳಿಂದ ದೂರ, ಹಸಿ ಮಣ್ಣಿನ ಅಂಚಿನವರೆಗೂ ಹಿಂದೆ ಸರಿದ.